ಹುಣಸಿ ಬೀಜದ ಲೆಕ್ಕ

ಸೈಟ್ ಆಫೀಸಿನ ಬೋರಮ್ಮ ಫೋನಿನಾಗ
ಎರಡು ಹೆಸರು ಒತ್ತಿದಳು:
ಈ ಕಡೆ ವಿಜಯಪುರ, ಆ ಕಡೆ ತೇಜು.
ನಾ ರೊಟ್ಟಿ ಮುರಿಯೋದರಾಗ ಉತ್ತರ ಬಂತು,
ಎರಡು ಸಾವಿರದ ನಾಕುನೂರಾ ಮೂವತ್ತು ಕಿಲೋಮೀಟರು,
ಹಾರೋ ಹೊತ್ತು ಮೂರೂವರಿ ತಾಸು.

‘ಯಾವ ವಿಮಾನ?’ ಅಂದೆ.
‘ವಿಮಾನ ಇಲ್ಲ ಕಾಕಾ. ಬರೇ ಹೊತ್ತು ಐತಿ.’

ಪರದೆ ಮ್ಯಾಲೆ ಒಂದು ಗೆರಿ, ಬಿಲ್ಲಿನಂಗ ಬಾಗಿದ್ದು.
‘ನೆಟ್ಟಗ ಹೋಗಬಾರದೇನು ಅದು?’
‘ಇದೇ ನೆಟ್ಟಗ. ಭೂಮಿ ದುಂಡಗೈತಲ್ಲ.’
ನಕ್ಕೆ. ನನಗಿದು ಹೊಸದಲ್ಲ.
ರನ್‌ವೇ ನೋಡಿದವರೆಲ್ಲ ಸಪಾಟ ಅಂತಾರ;
ನಡುಬೆನ್ನು ಎತ್ತರಿಸಿ, ಎರಡೂ ಮಗ್ಗಲಿಗೆ ನೀರು ಜಾರಲೆಂದು
ಕಣ್ಣಿಗೆ ಕಾಣದ ಇಳುಕಲು ಕೊಟ್ಟವ ನಾನು,
ಬಂದಗಿಸಾಬ, ರೋಲರಿನ ಡ್ರೈವರ.

ತೇಜುವಿನಾಗೂ ಉರುಳಿಸೇನಿ, ಎರಡು ಚಳಿಗಾಲ.
ಅಲ್ಲಿ ನೆಲದಾಗೆಲ್ಲ ಹೊಳಿಯ ಗುಂಡುಕಲ್ಲು,
ಎಷ್ಟು ತುಳಿದರೂ ಒಂದಕ್ಕೊಂದು ಜಾಗ ಬಿಡವು.
ಇಲ್ಲಿ ಎರಿಮಣ್ಣು:
ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಕೈ ತೂರೋವಷ್ಟು ಬಿರೀತೈತಿ.
ಆಳುದ್ದ ಅಗದು, ಹೊರಗ ಒಗದು, ಗರಸು ತುಂಬಿ
ಅದರ ಮ್ಯಾಲೆ ನಾನು.

ಅಲ್ಲಿ ನನ್ನ ಡ್ರಮ್ಮಿಗೆ ನೀರು ಹಾಕುತ್ತಿದ್ದವ ಬಹೇನ್ಸೊ.
ಅವನ ಹಿಂದಿ, ನನ್ನ ಹಿಂದಿ ಕೂಡಿಸಿದರೂ
ಒಂದು ಪೂರಾ ಹಿಂದಿ ಆಗುತ್ತಿರಲಿಲ್ಲ.
ಕಿತ್ತಳಿ ಸುಲಿದು ಅರ್ಧ ಇಂಜಿನ್ ಮ್ಯಾಲಿಡುತ್ತಿದ್ದ,
ಬೆಚ್ಚಗಾಗಲೆಂದು. ಆ ಅರ್ಧ ನನಗ.
ಹೊಂಟ ದಿವಸ ಕೇಳಿದ: ನಿಮ್ಮೂರು ಎಷ್ಟು ದೂರ?
ನಾಕು ಬೆರಳು ತೋರಿಸಿದೆ.
ಬಸ್ಸು, ರೈಲು, ಮತ್ತೊಂದು ರೈಲು, ಇನ್ನೊಂದು;
ಐದನೇ ದಿವಸ ಮನಿ ಮುಟ್ಟಿದರೂ
ವಾರದ ತನಕ ನನ್ನ ಹಾಸಗಿ ಅಲುಗುತ್ತಿತ್ತು.

ಮೂರೂವರಿ ತಾಸು.
ಅಷ್ಟರಾಗ ನನ್ನ ಗಾಡಿ ಏಳು ಸಲ ಈ ಪಟ್ಟಿ ಮುಗಸತೈತಿ,
ಒಂದು ಸಲಕ್ಕ ಎರಡು ಕಿಲೋಮೀಟರು.
ಒಂದು ಸಲ ಮುಗಿದರ ಒಂದು ಹುಣಸಿ ಬೀಜ ಡಬ್ಬಿಗೆ.
ಮುಕಾದಮ ಸುಳ್ಳು ಲೆಕ್ಕ ಬರದಾನಂತ ಹಿಡಿದ ರೂಢಿ ಇದು,
ಅವ ಬರದೂ ಬರದ, ರೂಢಿ ಹೋಗಲಿಲ್ಲ.

ಅವತ್ತು ರಾತ್ರಿ ಶೆಡ್ಡಿನಾಗ ಕುಂತು ಭಾಗಿಸಿದೆ:
ಹನ್ನೆರಡು ನೂರಾ ಹದಿನೈದು ಬೀಜಕ್ಕ ತೇಜು.
ಡಬ್ಬಿ ಬೋರಲು ಹಾಕಿ ಎಣಿಸಿದರ
ಒಂಬೈನೂರಾ ಎಂಬತ್ತನಾಕು ಆಗಲೇ ಅದಾವ!
ಅಂದರ ನಾ ಗೊತ್ತಿಲ್ಲದಂಗ
ಗುವಾಹಟಿ ತನಕ ಬಂದು ಮಲಗೇನಿ,
ಹಿಂದೊಮ್ಮೆ ಅಲ್ಲೇ ಪ್ಲಾಟ್‌ಫಾರ್ಮಿನಾಗ
ಹೊಸಾ ಚಪ್ಪಲಿ ಕಳಕೊಂಡಿದ್ದೆ.

ಮುಂದ ಹದಿನೈದು ದಿವಸ ಯಾರಿಗೂ ಹೇಳಲಿಲ್ಲ.
ಮುಂದಕ್ಕ ಒಂದು ಬೀಜ, ಹಿಂದಕ್ಕ ಒಂದು ಬೀಜ.
ರೋಲರಿಗೆ ಹಿಂದ ಮುಂದ ಅಂಬೋದಿಲ್ಲ,
ಎತ್ತ ಹೋದರೂ ಹೋದಂಗ.
ಮಡಿ ಕಟ್ಟಿದ ಕುರಿಗೋಳು ಬೇಲಿ ನುಸುಳಿ
ಅಡ್ಡ ಬಂದಾಗೊಮ್ಮೆ
ಬ್ರಹ್ಮಪುತ್ರದ ನಡುವೆ ನಿಂತು ಹಾರನ್ ಹೊಡೆದೆ.

ಕಡೀ ಬೀಜ ಬಿದ್ದಿದ್ದು ಡಿಸೆಂಬರಿನ ಒಂದು ಗುರುವಾರ,
ಐದು ಹೊಡಿಯೋ ಹೊತ್ತಿಗೆ.
ಇಂಜಿನ್ ಬಂದ್ ಮಾಡಿದೆ.
‘ಡೀಸೆಲ್ ತೀರಿತೇನ್ರಿ?’ ಅಂದ ಹೆಲ್ಪರ್ ಹಣಮ್ಯಾ.
‘ಇಲ್ಲಲೇ. ಇಳಿ, ಊರು ಬಂತು.’

ಫೋನ್ ಹಚ್ಚಿ ಬಹೇನ್ಸೊಗ ‘ಬಂದೆ’ ಅಂದೆ.
ಗಡಿಯಾರದಾಗ ಇಬ್ಬರಿಗೂ ಐದು.
ಅವನ ಕಡೆ ಕೋಳಿ ಗೂಡಿಗೆ ಸೇರಿ, ದೀಪ ಹತ್ತಿ,
ಆಗಲೇ ಕತ್ತಲು ಹಳೇದಾಗಿತ್ತು;
ನನ್ನ ಕಡೆ ಬಿಸಲು ಇನ್ನೂ ಕಣ್ಣಿಗೆ ಹೊಡೀತಿತ್ತು.
ಎಲ್ಲಿ ಅಂತ ಕೇಳಲಿಲ್ಲ ಅವ, ಹೆಂಗ ಅಂತ ಕೇಳಲಿಲ್ಲ.
‘ಈಗ ಬಂದೇನು?’ ಅಂದ,
‘ಕಿತ್ತಳಿ ಎಲ್ಲಾ ನಿನ್ನೆ ಲಾರಿಗೆ ಹೋದವು.’

ಹಣಮ್ಯಾ ಇನ್ನೂ ಇಳಿದಿರಲಿಲ್ಲ.
ಮೆಟ್ಟಿಲ ಮ್ಯಾಲೆ ಒಂದು ಕಾಲಿಟ್ಟು
ಸುತ್ತ ನೋಡುತ್ತಿದ್ದ, ಇದು ಯಾವ ಊರು ಅಂತ.